ಮೂವತ್ತು ಕೊಡ ನೀರು ಎಲ್ಲಿ ಹೋದವು?



ಮೊದಲು ಒಂದು ಲೆಕ್ಕ ಕೇಳಿರಿ.

ಊರಿನ ಟಾಕಿಯಿಂದ 100 ಕೊಡ ನೀರು ಬಿಟ್ಟರು. ನೀರು ಪೈಪಿನಲ್ಲಿ ಹೊರಟಿತು. ಓಣಿ ಓಣಿ ದಾಟಿತು. ಎಲ್ಲ ಮನೆಗಳಲ್ಲಿ ತುಂಬಿದ ಕೊಡಗಳನ್ನು ಎಣಿಸಿದರು. 70 ಆದವು.

ಉಳಿದ 30 ಕೊಡ ಎಲ್ಲಿ ಹೋದವು?

ಅವನ್ನು ಜನ ಕುಡಿಯಲಿಲ್ಲ. ದನ ಕುಡಿಯಲಿಲ್ಲ. ಹೊಲಕ್ಕೂ ಹೋಗಲಿಲ್ಲ. ದಾರಿಯಲ್ಲೇ ಸೋರಿ ಹೋದವು. ಹೀಗೆ ಹೋಗುವ ನೀರಿಗೆ ಕಚೇರಿಯ ಭಾಷೆಯಲ್ಲಿ ಒಂದು ಹೆಸರಿದೆ. 'ಲೆಕ್ಕಕ್ಕೆ ಸಿಗದ ನೀರು' ಎನ್ನುತ್ತಾರೆ. ಸೋರಿ ಹೋದ ನೀರು ಇದರಲ್ಲಿ ಸೇರುತ್ತದೆ. ಕದ್ದು ಜೋಡಿಸಿದ ನಳದ ನೀರೂ ಸೇರುತ್ತದೆ.

ಈ ನೀರನ್ನು ಲೆಕ್ಕಕ್ಕೆ ತರುವುದು ಹೇಗೆ? ಅದೇ ಈ ಪಾಠ. ಇದಕ್ಕೆ ಬೇಕಾದದ್ದು ಒಂದು ತಂಬಿಗೆ, ಒಂದು ಗಡಿಯಾರ, ಒಂದು ನೋಟುಬುಕ್ಕು. ಓದು-ಬರಹ ಈಗ ನಿಮಗೆ ಬರುತ್ತದೆ.

ನಮ್ಮ ಸೀಮೆಯ ನೀರು

ಚಿಕ್ಕನರಗುಂದ ನರಗುಂದ ತಾಲೂಕಿನ ಊರು. ಇದು ಎರಿ ಭೂಮಿಯ ಸೀಮೆ. ನಮ್ಮ ಕಡೆ ಬಹಳ ಕಡೆ ನೆಲದ ನೀರು ಸವಳು. ಬೇಳೆ ಬೇಯುವುದಿಲ್ಲ. ಬಾಯಿಗೆ ಹಾಕಿದರೆ ಉಪ್ಪು.

ಆದ್ದರಿಂದ ನಮಗೆ ಸಿಹಿನೀರು ಅಂದರೆ ಮಲಪ್ರಭೆ. ಈ ಹೊಳೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಇದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಅಲ್ಲಿ ನಿಂತ ನೀರಿಗೆ ರೇಣುಕಾ ಸಾಗರ ಎಂದು ಹೆಸರು.

ಈ ನೀರು ಸಾಲದು ಎಂದು ನಮ್ಮ ಜನ ಹೋರಾಡಿದ್ದಾರೆ. ಮಹದಾಯಿ ನೀರನ್ನು ಮಲಪ್ರಭೆಗೆ ತರಬೇಕು ಎಂದು 2015ರ ಜುಲೈಯಿಂದ ನರಗುಂದದಲ್ಲಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. ಹೆಣ್ಣುಮಕ್ಕಳೂ ಕುಳಿತರು.

ದೂರದ ನೀರಿಗಾಗಿ ನಾವು ಬೀದಿಗೆ ಇಳಿಯುತ್ತೇವೆ. ಅದು ಸರಿ. ಆದರೆ ನಮ್ಮ ಓಣಿಯ ತನಕ ಬಂದ ನೀರು ಗಟಾರು ಸೇರಿದರೆ? ಅದನ್ನು ಕೇಳುವವರು ಯಾರು?

ಸೊಸೆ ಹೇಳಿದ ಮಾತು

ಒಂದು ಸಂಜೆ ಚಿಕ್ಕನರಗುಂದದಲ್ಲಿ ಓದುವ ತರಗತಿ ನಡೆದಿತ್ತು. ನೀರಿನ ಮಾತು ಬಂತು. ಈ ಊರಿಗೆ ಸೊಸೆಯಾಗಿ ಬಂದ ಒಬ್ಬ ತಂಗಿ ತನ್ನ ತವರೂರಿನ ಸಂಗತಿ ಹೇಳಿದಳು. ಆ ಊರಿನ ಹೆಸರು ಇಲ್ಲಿ ಬೇಡ. ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಓದಿರಿ.

"ನಮ್ಮ ತವರಮನಿ ಕಡೇ ಓಣ್ಯಾಗ ಐತ್ರಿ ಅಕ್ಕೋರ. ಟಾಕಿ ಹತ್ತಿರದ ಓಣ್ಯಾಗ ನೀರು ಜೋರ ಬರತಾವ. ನಮ್ಮ ಓಣಿಗೆ ಬರೂದ್ರಾಗ ನೂಲಿನಂಗ ಆಗಿರತಾವ. ಮ್ಯಾಲಿನ ಓಣಿಯವರು ಎಲ್ಲಾ ತುಂಬಿಕೋತಾರ ಅಂತ ನಮ್ಮವ್ವ ದಿನಾ ಅವರ ಕೂಡ ಜಗಳಾ ತಗೀತಿದ್ದಳು. ಮಾತು ಬಿಟ್ಟಿದ್ದಳು.

"ಬ್ಯಾಸಗ್ಯಾಗ ನಾ ಜಾತ್ರಿಗೆ ಹೋಗಿದ್ದೆ. ನಮ್ಮಣ್ಣನ ಮಗ, ಎರಡು ವರ್ಷದ ಕೂಸು. ರಾತ್ರಿ ವಾಂತಿ-ಭೇದಿ ಹತ್ತಿತು. ಬೆಳಗಾಗೂದ್ರಾಗ ಕಣ್ಣು ಒಳಗ ಹೋದವು. ಅತ್ತರ ಕಣ್ಣೀರು ಬರವಲ್ಲವು. ದವಾಖಾನಿಗೆ ಒಯ್ದಿವಿ. ಸಲೈನ ಹಚ್ಚಿದರು. ಕೂಸು ಉಳೀತು. ಡಾಕ್ಟರು 'ಎಲ್ಲಿ ನೀರು ಕುಡಸತೀರಿ?' ಅಂತ ಕೇಳಿದರು. ನಳದ್ದು ಅಂದಿವಿ.

"ಮರುದಿನ ನಾನು, ನಮ್ಮತ್ತಿಗಿ ಕೂಡಿ ಪೈಪಿನ ಗುಂಟ ನಡಕೋತ ಹೋದಿವಿ. ಗಟಾರದ ಮಗ್ಗಲಕ್ಕ ಒಂದು ಕಡೆ ಹಸರು ಹುಲ್ಲು ಬೆಳದಿತ್ತು. ಬ್ಯಾಸಗ್ಯಾಗ ಊರೆಲ್ಲಾ ಒಣಗೇತಿ, ಅಲ್ಲಿ ಅಷ್ಟs ಹಸರು! ಹಂದಿ ಬಿದ್ದು ಹೊರಳಾಡತಿದ್ದವು. ಕೋಲಿನಿಂದ ಕೆದರಿದರ ಒಳಗ ನೀರು ಬುಳುಬುಳು ಅಂತ ಏಳತಿತ್ತು."

"ಮುಂದ ಏನ ಮಾಡಿದ್ಯವ್ವಾ?" ಎಂದು ಒಬ್ಬ ಹಿರಿಯ ತಾಯಿ ಕೇಳಿದಳು.

"ಅರ್ಜಿ ಬರದೆ. ನನ್ನ ಕೈಯಿಂದ ಬರದ ಮೊದಲನೇ ಅರ್ಜಿ. ಅಕ್ಷರ ಸೊಟ್ಟ ಇದ್ದವು. ನಮ್ಮತ್ತಿಗಿ ಸಹಿ ಮಾಡಿದಳು, ಓಣಿಯವರು ಹತ್ತು ಮಂದಿ ಸಹಿ ಮಾಡಿದರು. ನಾಲ್ಕನೇ ದಿನಕ್ಕ ಬಂದು ಅಗದರು. ಪೈಪಿನ ಜೋಡಣಿ ಬಿಚ್ಚಿತ್ತು. ಹೊಸಾದು ಹಾಕಿದರು. ಮೊದಲು ನಮ್ಮ ಮನಿಗೆ 6 ಕೊಡ ಬರತಿದ್ದವು. ಆಮ್ಯಾಲ 11 ಬಂದವು. ನಮ್ಮವ್ವ ಮ್ಯಾಲಿನ ಓಣಿಗೆ ಹೋಗಿ ಮಾತಾಡಿಸಿ ಬಂದಳು. ಜಗಳಾ ಮಾಡಿದ್ದು ಮಂದಿ ಕೂಡ. ಕಳ್ಳ ಇದ್ದದ್ದು ನೆಲದಾಗ."

ತರಗತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಆ ಕೂಸಿಗೆ ಭೇದಿ ಆದದ್ದು ಅದೇ ನೀರಿನಿಂದ ಎಂದು ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಕೈ ತೊಳೆಯದಿದ್ದರೂ ಭೇದಿ ಆಗುತ್ತದೆ. ನೊಣ ಕೂತ ಅನ್ನದಿಂದಲೂ ಆಗುತ್ತದೆ. ಆದರೆ ಒಡೆದ ಪೈಪಿನಿಂದ ಹೊಲಸು ಒಳಗೆ ಹೋಗುವುದು ನಿಜ. ಅದು ಹೇಗೆ?

ಬಾಟಲಿಯ ಪಾಠ

ಅದೇ ಹಿರಿಯ ತಾಯಿ ಕೇಳಿದಳು: "ನೀರು ಹೊರಗ ಬರತಿರತಾವಲ್ರಿ ಅಕ್ಕೋರ. ಹೊಲಸು ಒಳಗ ಹೆಂಗ ಹೋಗತೈತಿ?"

ಬಹಳ ಒಳ್ಳೆಯ ಪ್ರಶ್ನೆ. ಇದನ್ನು ನಾವು ಮಾಡಿಯೇ ನೋಡಿದೆವು. ನೀವೂ ಮಾಡಿರಿ.

1. ಮೆತ್ತಗಿನ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿರಿ. ಪಕ್ಕದಲ್ಲಿ ಸೂಜಿಯಿಂದ ಒಂದು ತೂತು ಮಾಡಿರಿ.
2. ಬಾಟಲಿಗೆ ನೀರು ತುಂಬಿರಿ. ಮುಚ್ಚಳ ಬಿಗಿಯಾಗಿ ಹಾಕಿರಿ.
3. ಒಂದು ಬೋಗುಣಿಯಲ್ಲಿ ನೀರು ಹಾಕಿ, ಅರಿಷಿಣ ಕಲಸಿರಿ. ತೂತು ಮುಳುಗುವ ಹಾಗೆ ಬಾಟಲಿಯನ್ನು ಅದರಲ್ಲಿ ಇಡಿರಿ.
4. ಬಾಟಲಿಯನ್ನು ಒತ್ತಿರಿ. ನೀರು ತೂತಿನಿಂದ ಹೊರಗೆ ಬರುತ್ತದೆ.
5. ಈಗ ಕೈ ಸಡಿಲ ಬಿಡಿರಿ. ಏನಾಯಿತು? ಅರಿಷಿಣ ನೀರು ಒಳಗೆ ಹೋಯಿತು!

ಪೈಪಿನಲ್ಲಿ ಆಗುವುದೂ ಇದೇ. ನೀರು ಬಿಟ್ಟಾಗ ಪೈಪಿನಲ್ಲಿ ಒತ್ತಡ ಇರುತ್ತದೆ. ಆಗ ನೀರು ಹೊರಗೆ ಸೋರುತ್ತದೆ. ನೀರು ನಿಲ್ಲಿಸಿದಾಗ ಒತ್ತಡ ಇಲ್ಲ. ಪೈಪು ಬರಿದಾಗುತ್ತಾ ಹೋಗುತ್ತದೆ. ಆಗ ಹೊರಗಿನ ರಾಡಿ ನೀರನ್ನು ಒಳಗೆ ಎಳೆಯುತ್ತದೆ. ಮರುದಿನ ನೀರು ಬಿಟ್ಟಾಗ ಆ ಹೊಲಸು ನಮ್ಮ ಕೊಡಕ್ಕೆ ಬರುತ್ತದೆ.

ಕೆಲವರು ನಳಕ್ಕೆ ನೇರವಾಗಿ ಮೋಟಾರು ಹಚ್ಚುತ್ತಾರೆ. ಮೋಟಾರು ಪೈಪಿನ ನೀರನ್ನು ಜಗ್ಗುತ್ತದೆ. ಜಗ್ಗುವಾಗ ತೂತಿನ ಬಳಿ ಇರುವ ಗಟಾರ ನೀರನ್ನೂ ಜಗ್ಗುತ್ತದೆ. ಅದರಿಂದ ಕಡೇ ಓಣಿಗೆ ನೀರೂ ಕಡಿಮೆ, ರೋಗವೂ ಹೆಚ್ಚು.

ಇದನ್ನು ನೆನಪಿಡಿರಿ: ಎಲ್ಲಿ ನೀರು ಹೊರಗೆ ಸೋರುತ್ತದೆಯೋ, ಅಲ್ಲಿಂದಲೇ ಹೊಲಸು ಒಳಗೆ ಬರುತ್ತದೆ.

ಪೈಪು ಏಕೆ ಒಡೆಯುತ್ತದೆ?

ನಮ್ಮ ಕಡೆ ಇದಕ್ಕೆ ಒಂದು ವಿಶೇಷ ಕಾರಣ ಇದೆ. ಅದು ನಮ್ಮ ಎರಿ ಮಣ್ಣು.

ಎರಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನೀವು ನೋಡಿದ್ದೀರಿ. ಮನೆಯ ಗೋಡೆ ಸೀಳುವುದನ್ನೂ ನೋಡಿದ್ದೀರಿ. ಗೋಡೆಯನ್ನೇ ಸೀಳುವ ಮಣ್ಣು ಪೈಪನ್ನು ಬಿಡುತ್ತದೆಯೇ? ಪ್ರತಿವರ್ಷ ಮಣ್ಣು ಮೇಲೆ ಏಳುತ್ತದೆ, ಕೆಳಗೆ ಇಳಿಯುತ್ತದೆ. ಪೈಪು ಬಾಗುತ್ತದೆ. ಜೋಡಣೆ ಬಿಚ್ಚುತ್ತದೆ.

ಆದ್ದರಿಂದ ಎರಿ ಮಣ್ಣಿನಲ್ಲಿ ಪೈಪು ಹೂಳುವಾಗ ಅದರ ಕೆಳಗೆ ಮತ್ತು ಸುತ್ತ ಉಸುಕು ಹಾಕಬೇಕು. ಉಸುಕು ಉಬ್ಬುವುದಿಲ್ಲ, ಕುಗ್ಗುವುದಿಲ್ಲ. ನಿಮ್ಮ ಓಣಿಯಲ್ಲಿ ಹೊಸ ಪೈಪು ಹಾಕುವಾಗ ಹೋಗಿ ನಿಂತು ನೋಡಿರಿ. "ಉಸುಕು ಎಲ್ಲೈತ್ರಿ?" ಎಂದು ಕೇಳಿರಿ. ಕೇಳುವುದು ತಪ್ಪಲ್ಲ.

ಬೇರೆ ಕಾರಣಗಳೂ ಇವೆ.

ಪೈಪು ಬಹಳ ಹಳೆಯದು ಇರುತ್ತದೆ. ಪೈಪನ್ನು ಮೇಲೆಯೇ ಹೂಳಿರುತ್ತಾರೆ, ಟ್ರ್ಯಾಕ್ಟರು ಹಾದು ಒಡೆಯುತ್ತದೆ. ವಾಲ್ವಿನ ಒಳಗಿನ ರಬ್ಬರು ಸವೆದಿರುತ್ತದೆ. ಟಾಕಿ ತುಂಬಿದರೂ ಮೋಟಾರು ಬಂದ್ ಮಾಡುವುದಿಲ್ಲ, ನೀರು ಮೇಲಿಂದ ಸುರಿಯುತ್ತದೆ. ಓಣಿಯ ನಳಕ್ಕೆ ತೋಟಿ ಇರುವುದಿಲ್ಲ, ಕೊಡ ತುಂಬಿದ ಮೇಲೂ ನೀರು ಹರಿಯುತ್ತಲೇ ಇರುತ್ತದೆ.

ಕೊನೆಯ ಕಾರಣ ನಮ್ಮ ಕೈಯಲ್ಲೇ ಇದೆ, ಅಲ್ಲವೇ?

ತಂಬಿಗೆಯ ಲೆಕ್ಕ

"ಹನಿ ಹನಿ ಸೋರತೈತಿ. ಅದೇನು ಮಹಾ?" ಎಂದು ನಾವು ಅನ್ನುತ್ತೇವೆ. ಲೆಕ್ಕ ಮಾಡಿ ನೋಡೋಣ.

ಒಂದು ಲೀಟರಿನ ತಂಬಿಗೆ ತೆಗೆದುಕೊಳ್ಳಿರಿ. ಸೋರುವ ಕಡೆ ಇಡಿರಿ. ಮೊಬೈಲಿನಲ್ಲಿ ವೇಳೆ ನೋಡಿರಿ. ತಂಬಿಗೆ 5 ನಿಮಿಷದಲ್ಲಿ ತುಂಬಿತು ಎಂದು ತಿಳಿಯಿರಿ.

5 ನಿಮಿಷಕ್ಕೆ 1 ಲೀಟರ್.
1 ಗಂಟೆಗೆ 12 ಲೀಟರ್.
ಹಗಲು-ರಾತ್ರಿ ಸೇರಿ 24 ಗಂಟೆಗೆ 288 ಲೀಟರ್.
30 ದಿನಕ್ಕೆ 8,640 ಲೀಟರ್.

ನಮ್ಮ ಒಂದು ಕೊಡಕ್ಕೆ 15 ಲೀಟರ್ ಹಿಡಿಯಿರಿ. ತಿಂಗಳಿಗೆ 576 ಕೊಡ ಆಯಿತು! ಟಾಕಿಯ ಬುಡದಲ್ಲಿ ಪೈಪು ಯಾವಾಗಲೂ ತುಂಬಿರುತ್ತದೆ. ಅಲ್ಲಿ ಇಷ್ಟು ಸಣ್ಣ ಸೋರಿಕೆ ಇದ್ದರೂ ತಿಂಗಳಿಗೆ 576 ಕೊಡ ಹೋಗುತ್ತವೆ. ಕೊಡ ಹೊತ್ತವರಿಗೆ ಇದರ ಭಾರ ಗೊತ್ತು. 15 ಲೀಟರ್ ನೀರು ಎಂದರೆ 15 ಕಿಲೋ.

ಈಗ ಇನ್ನೊಂದು ಲೆಕ್ಕ. ಕೇಂದ್ರ ಸರಕಾರ 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಸಾರಿತು. ನಮ್ಮ ರಾಜ್ಯದಲ್ಲಿ ಇದಕ್ಕೆ 'ಮನೆ ಮನೆಗೆ ಗಂಗೆ' ಎಂದು ಹೆಸರು. ಹಳ್ಳಿಯ ಒಬ್ಬರಿಗೆ ಒಂದು ದಿನಕ್ಕೆ 55 ಲೀಟರ್ ನೀರು ಮನೆಯ ನಳದಲ್ಲೇ ಸಿಗಬೇಕು ಎಂಬುದು ಇದರ ಗುರಿ.

288 ಲೀಟರನ್ನು 55ರಿಂದ ಭಾಗಿಸಿರಿ. 5 ಬರುತ್ತದೆ. ಅಂದರೆ ಆ ಸಣ್ಣ ಸೋರಿಕೆ ದಿನಾ 5 ಜನರ ಪಾಲಿನ ನೀರು ತಿನ್ನುತ್ತದೆ. ಒಂದು ಮನೆಯ ಪಾಲು!

ತೋಟಿ ಇಲ್ಲದ ನಳದ ಲೆಕ್ಕವನ್ನೂ ನೋಡಿರಿ. ಒಂದು ನಿಮಿಷಕ್ಕೆ ಒಂದು ಕೊಡ ತುಂಬುವ ನಳ. ಅದು ಒಂದು ಗಂಟೆ ಸುಮ್ಮನೆ ಹರಿದರೆ 60 ಕೊಡ. ಅಂದರೆ 900 ಲೀಟರ್. ಅದು 16 ಜನರ ಒಂದು ದಿನದ ನೀರು.

ಇದರ ಜೊತೆಗೆ ಕರೆಂಟಿನ ಖರ್ಚೂ ಇದೆ. ನೀರು ತಾನಾಗಿ ಟಾಕಿ ಏರುವುದಿಲ್ಲ. ಮೋಟಾರು ಏರಿಸಬೇಕು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ಅದನ್ನು 500 ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಏರಿಸುತ್ತಾರೆ. ಅಷ್ಟು ಖರ್ಚು ಮಾಡಿ ತಂದ ನೀರಿನಲ್ಲೂ ಬಹಳ ಪಾಲು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಊರು ಸಣ್ಣದಿರಲಿ, ದೊಡ್ಡದಿರಲಿ, ಸೋರಿದ ನೀರಿನ ಕರೆಂಟು ಬಿಲ್ಲು ಜನರ ಹಣದಿಂದಲೇ ಹೋಗುತ್ತದೆ.

ಹುಬ್ಬಳ್ಳಿ-ಧಾರವಾಡದಲ್ಲಿ ಏನಾಯಿತು?

ಹುಬ್ಬಳ್ಳಿ-ಧಾರವಾಡಕ್ಕೂ ನಮ್ಮ ಮಲಪ್ರಭೆಯ ನೀರೇ ಹೋಗುತ್ತದೆ. ಅಲ್ಲಿ ಹಿಂದೆ ನಳಕ್ಕೆ ಹಲವು ದಿನಕ್ಕೊಮ್ಮೆ ನೀರು ಬರುತ್ತಿತ್ತು. ಹೆಣ್ಣುಮಕ್ಕಳು ನಿದ್ದೆಗೆಟ್ಟು ರಾತ್ರಿ ನೀರು ಕಾಯುತ್ತಿದ್ದರು.

2008ರ ಸುಮಾರಿಗೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ವಾರ್ಡುಗಳಲ್ಲಿ ಒಂದು ಪ್ರಯೋಗ ಮಾಡಿದರು. ಹಳೆಯ ಪೈಪು ಬಿಟ್ಟು ಹೊಸ ಪೈಪು ಹಾಕಿದರು. ಮನೆಮನೆಗೆ ಮೀಟರು ಕೂಡಿಸಿದರು. ಸೋರಿಕೆ ಹುಡುಕಿ ಮುಚ್ಚಿದರು. ಅಲ್ಲಿ ಹಗಲು-ರಾತ್ರಿ ನಳದಲ್ಲಿ ನೀರು ಬರಲು ಹತ್ತಿತು. ಆ ವಾರ್ಡುಗಳಲ್ಲಿ ಸೋರಿಕೆ ನೂರಕ್ಕೆ 10ಕ್ಕಿಂತ ಕಡಿಮೆ ಆಯಿತು.

ಸಂಶೋಧಕರು ಹುಬ್ಬಳ್ಳಿ-ಧಾರವಾಡದ ನಳಗಳ ನೀರು ಪರೀಕ್ಷೆ ಮಾಡಿದರು. 2013ರಲ್ಲಿ ವರದಿ ಬಂತು. ಬಿಟ್ಟು ಬಿಟ್ಟು ನೀರು ಬರುವ ವಾರ್ಡುಗಳ ನಳದಲ್ಲಿ ಹೊಲಸಿನ ರೋಗಾಣು ಹೆಚ್ಚು ಸಲ ಸಿಕ್ಕವು. ಸದಾ ನೀರು ಇರುವ ವಾರ್ಡುಗಳಲ್ಲಿ ಬಹಳ ಕಡಿಮೆ ಸಿಕ್ಕವು. ನಮ್ಮ ಬಾಟಲಿ ಹೇಳಿದ್ದೂ ಇದೇ ಅಲ್ಲವೇ?

ಇನ್ನೊಂದು ವರದಿ 2015ರಲ್ಲಿ ಬಂತು. ಸದಾ ನೀರು ಇದ್ದ ಕಡೆ ಬಡವರ ಮನೆಯ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಆದರೆ ಸಾಮಾನ್ಯ ಭೇದಿ ಒಟ್ಟಿನಲ್ಲಿ ಕಡಿಮೆ ಆಗಿರಲಿಲ್ಲ. ಇದರಿಂದ ನಾವು ಕಲಿಯುವುದು ಏನು? ಪೈಪು ಸರಿ ಇರಬೇಕು. ಅದರ ಜೊತೆಗೆ ಕೈ, ಕೊಡ, ಪಾಯಖಾನೆ ಇವೂ ಸ್ವಚ್ಛ ಇರಬೇಕು.

ರಾತ್ರಿಯ ಪರೀಕ್ಷೆ

ನೆಲದ ಒಳಗಿನ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಆದರೆ ಕಿವಿಗೆ ಕೇಳುತ್ತದೆ. ಜಪಾನ್ ದೇಶದ ಟೋಕಿಯೊ ನಗರದಲ್ಲಿ ಕೆಲಸಗಾರರು ರಾತ್ರಿ ಹೊತ್ತು ರಸ್ತೆಗೆ ಹೋಗುತ್ತಾರೆ. ಉದ್ದ ಸಲಾಕೆಯ ಒಂದು ತುದಿಯನ್ನು ಪೈಪಿಗೆ ತಾಗಿಸಿ, ಇನ್ನೊಂದು ತುದಿಗೆ ಕಿವಿಗೊಟ್ಟು ಆಲಿಸುತ್ತಾರೆ. ನೀರು ಸೋರುವ ಸಪ್ಪಳ ಕೇಳಿದರೆ ಅಲ್ಲಿ ಅಗೆಯುತ್ತಾರೆ. 1955ರ ಸುಮಾರಿಗೆ ಅಲ್ಲಿ ನೂರಕ್ಕೆ ಸುಮಾರು 20 ಪಾಲು ನೀರು ಸೋರುತ್ತಿತ್ತು. ಈಗ ನೂರಕ್ಕೆ 3-4 ಮಾತ್ರ. ದಿನಾ ಕಿವಿಗೊಟ್ಟದ್ದರ ಫಲ ಇದು.

ನಮ್ಮ ಊರಲ್ಲೂ ಒಂದು ಸುಲಭ ಪರೀಕ್ಷೆ ಮಾಡಬಹುದು. ನೀರುಗಂಟಿಯವರನ್ನು ಕರೆದುಕೊಂಡೇ ಮಾಡಬೇಕು. ರಾತ್ರಿ ಎಲ್ಲ ಮನೆಯವರು ನಳದ ತೋಟಿ ಬಂದ್ ಮಾಡಲಿ. ಟಾಕಿಗೆ ನೀರು ಏರಿಸುವ ಮೋಟಾರೂ ಬಂದ್ ಇರಲಿ. ಟಾಕಿಯ ನೀರಿನ ಮಟ್ಟ ಬರೆದುಕೊಳ್ಳಲಿ. ಓಣಿಯ ವಾಲ್ವು ತೆರೆದು ಪೈಪು ತುಂಬಲು ಬಿಡಲಿ. ಪೈಪು ತುಂಬಿದ ಮೇಲೆ ಮತ್ತೆ ಮಟ್ಟ ಬರೆಯಲಿ. ಒಂದು ಗಂಟೆ ಆದ ಮೇಲೆ ಇನ್ನೊಮ್ಮೆ ನೋಡಲಿ. ಯಾರೂ ನೀರು ಹಿಡಿದಿಲ್ಲ, ಆದರೂ ಮಟ್ಟ ಇಳಿದಿದೆ. ಹಾಗಾದರೆ ಆ ಓಣಿಯ ಪೈಪಿನಲ್ಲಿ ಸೋರಿಕೆ ಇದೆ.

ನಾವು ಏನು ಮಾಡಬೇಕು?

1. ತಿಂಗಳಿಗೆ ಒಂದು ಸಲ ನಾಲ್ಕು ಜನ ಕೂಡಿ ಪೈಪಿನ ಗುಂಟ ನಡೆಯಿರಿ. ಬೇಸಿಗೆಯಲ್ಲಿ ಹಸಿರು ಹುಲ್ಲು, ಒಣಗದ ರಾಡಿ, ವಾಲ್ವಿನ ಗುಂಡಿಯಲ್ಲಿ ನಿಂತ ನೀರು, ಇವು ಸೋರಿಕೆಯ ಗುರುತು.

2. ಕಂಡದ್ದನ್ನು ನೋಟುಬುಕ್ಕಿನಲ್ಲಿ ಬರೆಯಿರಿ. ಯಾವ ಜಾಗ, ಯಾವ ತಾರೀಖು, ತಂಬಿಗೆ ಎಷ್ಟು ನಿಮಿಷಕ್ಕೆ ತುಂಬಿತು. ಮನೆಗೆ ಬಂದ ಕೊಡಗಳನ್ನೂ ಬರೆಯಿರಿ.

3. ನೀರುಗಂಟಿಯವರಿಗೆ ಹೇಳಿರಿ. ಆಗದಿದ್ದರೆ ಅರ್ಜಿ ಕೊಡಿರಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ 'ತಲುಪಿದೆ' ಎಂದು ಸಹಿ ಹಾಕಿಸಿಕೊಳ್ಳಿರಿ.

4. ಪ್ರತಿ ಊರಿಗೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಜಲ ಜೀವನ ಮಿಷನ್ ನಿಯಮದಂತೆ ಅದರಲ್ಲಿ ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳೇ ಇರಬೇಕು. ನೀರು ಪರೀಕ್ಷೆ ಮಾಡಲು ಊರಿಗೆ 5 ಹೆಣ್ಣುಮಕ್ಕಳಿಗೆ ತರಬೇತಿ ಕೊಡಬೇಕು. ನಿಮ್ಮ ಊರಲ್ಲಿ ಅವರು ಯಾರು? ಗ್ರಾಮ ಸಭೆಯಲ್ಲಿ ಕೇಳಿರಿ.

5. ನಳಕ್ಕೆ ನೇರವಾಗಿ ಮೋಟಾರು ಹಚ್ಚಬೇಡಿರಿ. ಕೊಡ ತುಂಬಿದ ಮೇಲೆ ತೋಟಿ ತಿರುವಿರಿ.

6. ನೀರು ಬಿಟ್ಟ ಕೂಡಲೆ ಬರುವ ಮೊದಲ ಕೊಡವನ್ನು ಕುಡಿಯಲು ಇಡಬೇಡಿರಿ. ನೆಲ ಸಾರಿಸಲು, ಗಿಡಕ್ಕೆ ಹಾಕಲು ಬಳಸಿರಿ. ಕುಡಿಯುವ ನೀರನ್ನು ಕುದಿಸಿ ಆರಿಸಿರಿ. ತಿಳಿಯಾಗಿ ಕಾಣುವ ನೀರಿನಲ್ಲೂ ರೋಗಾಣು ಇರಬಹುದು.

7. ಕೂಸಿಗೆ ಭೇದಿ ಹತ್ತಿದರೆ ಓ.ಆರ್.ಎಸ್. ಪುಡಿ ಕಲಸಿದ ನೀರು ಕುಡಿಸುತ್ತಾ ಇರಿ. ಎದೆಹಾಲು ನಿಲ್ಲಿಸಬೇಡಿರಿ. ಕಣ್ಣು ಒಳಗೆ ಹೋದರೆ, ಕೂಸು ಮಂಕಾದರೆ, ತಡ ಮಾಡದೆ ದವಾಖಾನೆಗೆ ಒಯ್ಯಿರಿ.

ಅರ್ಜಿ ಹೀಗೆ ಬರೆಯಿರಿ

ತಾರೀಖು: ............

ಇವರಿಗೆ,
ಮಾನ್ಯ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು,
ಗ್ರಾಮ ಪಂಚಾಯತಿ, ............

ವಿಷಯ: ನೀರಿನ ಪೈಪು ಸೋರುತ್ತಿರುವ ಬಗ್ಗೆ.

ಮಾನ್ಯರೇ,

ನಮ್ಮ ............ ಓಣಿಯಲ್ಲಿ, ............ ಹತ್ತಿರ ನೀರಿನ ಪೈಪು ಸೋರುತ್ತಿದೆ. ............ ತಾರೀಖಿನಿಂದ ಸೋರುತ್ತಿದೆ. ಒಂದು ಲೀಟರ್ ತಂಬಿಗೆ ............ ನಿಮಿಷಕ್ಕೆ ತುಂಬುತ್ತದೆ. ಪಕ್ಕದಲ್ಲಿ ಗಟಾರು ಇದೆ. ಹೊಲಸು ಪೈಪಿನೊಳಗೆ ಹೋಗುವ ಭಯ ಇದೆ. ಆದ್ದರಿಂದ ಬೇಗ ದುರಸ್ತಿ ಮಾಡಿಸಬೇಕು. ನೀರಿನ ಪರೀಕ್ಷೆಯನ್ನೂ ಮಾಡಿಸಬೇಕು ಎಂದು ಕೇಳಿಕೊಳ್ಳುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಓಣಿಯವರ ಸಹಿಗಳು)

ಅಭ್ಯಾಸ

ಅ. ಬಿಟ್ಟ ಸ್ಥಳ ತುಂಬಿರಿ.

1. ಒಬ್ಬರಿಗೆ ದಿನಕ್ಕೆ ......... ಲೀಟರ್ ನೀರು ಸಿಗಬೇಕು.
2. ಎರಿ ಮಣ್ಣು ಮಳೆಗಾಲದಲ್ಲಿ ......... , ಬೇಸಿಗೆಯಲ್ಲಿ ......... .
3. ಪೈಪಿನ ಸುತ್ತ ......... ಹಾಕಿ ಹೂಳಬೇಕು.

ಆ. ಲೆಕ್ಕ ಮಾಡಿರಿ.

1. ಈ ಪಾಠದ ಮೊದಲಿನ 30 ಕೊಡ ನೀರು ಎಷ್ಟು ಲೀಟರ್? ಅದು ಎಷ್ಟು ಜನರ ಒಂದು ದಿನದ ಪಾಲು?
2. ತಂಬಿಗೆ 10 ನಿಮಿಷಕ್ಕೆ ತುಂಬಿದರೆ ಒಂದು ಗಂಟೆಗೆ ಎಷ್ಟು ಲೀಟರ್ ಸೋರುತ್ತದೆ?

ಇ. ಕೂಡಿ ಮಾತನಾಡಿರಿ.

"ಜಗಳಾ ಮಾಡಿದ್ದು ಮಂದಿ ಕೂಡ. ಕಳ್ಳ ಇದ್ದದ್ದು ನೆಲದಾಗ." ಆ ತಂಗಿ ಹೀಗೆ ಏಕೆ ಅಂದಳು? ನಿಮ್ಮ ಓಣಿಯಲ್ಲಿ ನೀರಿನ ಜಗಳ ಆಗುತ್ತದೆಯೇ? ಪೈಪನ್ನು ನೋಡಿದ್ದೀರಾ?

ಈ. ಮಾಡಿರಿ.

ನಾಳೆ ನೀರು ಬಂದಾಗ ನಿಮ್ಮ ಮನೆಗೆ ಎಷ್ಟು ಕೊಡ ಬಂದವು ಎಂದು ಎಣಿಸಿರಿ. ತಾರೀಖು ಹಾಕಿ ಬರೆದು ತರಗತಿಗೆ ತನ್ನಿರಿ. ಮೇಲಿನ ಓಣಿಯವರ ಲೆಕ್ಕ, ಕಡೇ ಓಣಿಯವರ ಲೆಕ್ಕ ಎರಡನ್ನೂ ಕೂಡಿಸಿ ನೋಡೋಣ.